ಲಾಲಮ್ಮನ ಹೆಸರಿನ ಮಷೀನು

‘ಯವ್ವಾ, ಆ ಕೊಯ್ಯೋ ಮಷೀನಿನ ಮಾಲಕಳು ನೀನೇ ಅಂತ.’

ಪರಿಮಳಾ ಚಪ್ಪಲಿ ಕೂಡ ಬಿಡದೆ ಹೊಸ್ತಿಲಲ್ಲೇ ನಿಂತು ಹೇಳಿದಳು. ಶಹಾಪುರದಿಂದ ಸಗರಕ್ಕೆ ಬಸ್ಸಿನ ಬಾಗಿಲಲ್ಲಿ ಜೋತುಬಿದ್ದು ಬಂದವಳ ಹುಬ್ಬಿನ ಮೇಲೆ ಧೂಳಿತ್ತು. ತಾಯಿ ಲಾಲಮ್ಮ ಒಲೆಯ ಮುಂದೆ ಕೂತು ಎಡಗೈ ಒಂದರಲ್ಲೇ ರೊಟ್ಟಿ ಬಡಿಯಲು ನೋಡುತ್ತಿದ್ದಳು. ರೊಟ್ಟಿ ಒಂದು ಕಡೆ ಹರಿದು, ಇನ್ನೊಂದು ಕಡೆ ದಪ್ಪಗಾಗಿತ್ತು. ಬಲಗೈ ಬಿಳಿ ಬಟ್ಟೆಯ ಗಂಟಾಗಿ ಮಡಿಲಲ್ಲಿ ಬಿದ್ದಿತ್ತು. ಹೆಬ್ಬೆರಳು ಹೋಗಿ ಅಂದಿಗೆ ಹನ್ನೆರಡು ದಿನ.

‘ಯಾವ ಮಷೀನು?’

‘ಸಾವ್ಕಾರ ಮಿಲ್ಲಿಂದು. ನಿನ್ ಬೆರಳು ತಿಂದದ್ದು.’

‘ಹುಚ್ಚೇನ್ ನಿನಗ. ಆ ಮಿಲ್ಲಿನ ಹೊಟ್ಟು ಸುದ್ದಾ ನಂದಲ್ಲ. ಹೇಳದ ಕೇಳದ ಒಂದು ಪುಟ್ಟಿ ಕಟ್ಟಿಗಿ ಹೊಟ್ಟು ಒಯ್ದಾಳಂತ ಎಲ್ಲಾರ ಮುಂದ ನನ್ ಸೆರಗು ಝಾಡ್ಸಿ ನೋಡ್ಯಾನ ಅವ.’

‘ಕೇಳಿಲ್ಲಿ ಮೊದ್ಲು. ಪರಿಹಾರದ ಅರ್ಜಿ ಕೊಡಾಕ ಹೋಗಿದ್ನಲ್ಲ, ಆ ಕ್ಲರ್ಕು ಕಂಪ್ಯೂಟರ್ ನೋಡಿ ನಕ್ಕ. ಲಾಲಮ್ಮ ಗಂಡ ದ್ಯಾವಪ್ಪ, ಊರು ಸಗರ, ಮಹಿಳಾ ಸ್ವಯಂ ಉದ್ಯೋಗ, ಗರಗಸದ ಯಂತ್ರ, ಸಬ್ಸಿಡಿ ಮಂಜೂರು. ನಿನ್ ಫೋಟೋ ಅದ ಅದರಾಗ. ಹಸಿರು ಸೀರಿ ಉಟ್ಟೀದಿ. ಮಾಲಕಳ ಕೈ ಹೋದ್ರ ಪರಿಹಾರ ಯಾರ್ ಕೊಡ್ಬೇಕವ್ವ, ಮಾಲಕಳೇ ಕೊಡ್ಬೇಕು ಅಂದ. ಬಾಜೂ ಕುಂತಾವನೂ ನಕ್ಕ.’

ಲಾಲಮ್ಮನಿಗೂ ಮೊದಲು ನಗೆಯೇ ಬಂತು. ಗಂಡ ದ್ಯಾವಪ್ಪ ತೀರಿಹೋಗಿ ಆರು ವರ್ಷ. ಇರುವುದು ತಗಡು ಹೊದಿಸಿದ ಒಂದು ಪತ್ರಾಸಿನ ಮನೆ, ಒಂದು ಎಮ್ಮೆ, ಡಿಗ್ರಿ ಓದುವ ಈ ಮಗಳು. ಮಾಲಕಳಂತೆ. ಆದರೆ ಹಸಿರು ಸೀರೆ ಎಂದ ಮಾತು ನಿಧಾನವಾಗಿ ಒಳಗಿಳಿಯಿತು. ಆ ಸೀರೆ ಅವಳು ಉಟ್ಟಿದ್ದು ಮೂರೋ ನಾಲ್ಕೋ ಸಲ. ಅದರಲ್ಲೊಂದು ಸಲ ಸಿದ್ರಾಮರೆಡ್ಡಿ ಸಾವ್ಕಾರ ಅವಳನ್ನು ತನ್ನ ಕಾರಿನಲ್ಲಿ ಕೂರಿಸಿಕೊಂಡು ಹೋಗಿದ್ದ.

ಹೋದ ವರ್ಷ ಕಾರಹುಣ್ಣಿಮೆ ಮುಗಿದ ವಾರದ ಮಾತು. ಕಾರಿನ ಹಿಂದಿನ ಸೀಟಿಗೆ ಗೋಣಿಚೀಲ ಹಾಸಿ, ಅದರ ಮೇಲೆ ಕೂರು ಎಂದಿದ್ದ. ‘ನಿಮ್ಮ ಜೀವದ ಸಲುವಾಗೇ ಹೊಸಾ ಮಷೀನ್ ತರ್ಸಾಕತ್ತೀನಿ ಲಾಲಿ. ಕೈ ಇಟ್ರೂ ಕಡ್ಯಂಗಿಲ್ಲ ಅದು. ಕೆಲಸದವರದು ಒಂದು ಹೆಬ್ಬಟ್ಟು ಬೇಕಂತ, ಇನ್ಸೂರೆನ್ಸಿಗಿ.’ ಶಹಾಪುರದ ಆಫೀಸಿನಲ್ಲಿ ಅವಳ ಫೋಟೋ ತೆಗೆದು, ಕೆಂಪು ಬೆಳಕಿನ ಒಂದು ಪುಟ್ಟ ಡಬ್ಬಿಯ ಮೇಲೆ ಹೆಬ್ಬೆರಳು ಇಡಿಸಿದರು. ಇಪ್ಪತ್ತು ವರ್ಷ ಕಟ್ಟಿಗೆ ಎಳೆದು ಬೆರಳಿನ ಗೆರೆಗಳು ಸವೆದುಹೋಗಿದ್ದವು. ಡಬ್ಬಿ ಒಲ್ಲೆನೆಂದಿತು. ಮತ್ತೆ ಇಟ್ಟಳು, ಮತ್ತೆ ಒಲ್ಲೆನೆಂದಿತು.

‘ಒರಸಿ ಇಡು, ಮುಂಡೆ. ದನದ ಗೊರಸು ಮಾಡಿ ಇಟ್ಕೊಂಡೀದಿ,’ ಎಂದಿದ್ದ ಸಾವ್ಕಾರ. ಕ್ಲರ್ಕು ಕೈಗೆ ತಾಗದಂತೆ ದೂರದಿಂದ ಒಂದು ಒದ್ದೆ ಬಟ್ಟೆ ಎಸೆದಿದ್ದ. ಐದನೇ ಸಲಕ್ಕೆ ಹಸಿರು ದೀಪ ಬಂದಿತ್ತು. ಅವಳೂ ಸಮಾಧಾನದ ಉಸಿರು ಬಿಟ್ಟಿದ್ದಳು, ಏನೋ ದೊಡ್ಡ ಪರೀಕ್ಷೆ ಪಾಸಾದವಳ ಹಾಗೆ.

ತಿಂಗಳೊಳಗೆ ಮಷೀನು ಬಂತು. ಜೊತೆಗೆ ಹುಬ್ಬಳ್ಳಿ ಕಡೆಯ ಕಂಪನಿ ಹುಡುಗನೊಬ್ಬ, ಇಸ್ತ್ರಿ ಅಂಗಿಯವನು. ಹಳೆಯ ಗರಗಸ ಆ ಮಿಲ್ಲಿನಲ್ಲಿ ಮೂವರ ಬೆರಳು ತಿಂದಿತ್ತು. ಹಾಗಾಗಿ ಕೆಲಸದವರೆಲ್ಲ ಹೊಸದರ ಸುತ್ತ ನೆರೆದಿದ್ದರು. ಆತ ವಿವರಿಸಿದ.

‘ಈ ಬ್ಲೇಡಿನಲ್ಲಿ ಸ್ವಲ್ಪ ಕರೆಂಟು ಯಾವಾಗಲೂ ಹರೀತಿರ್ತದೆ. ಶಾಕ್ ಹೊಡೆಯೋವಷ್ಟಲ್ಲ. ಒಣ ಕಟ್ಟಿಗೆ ತಾಗಿದ್ರೆ ಅದಕ್ಕೇನೂ ಆಗೋದಿಲ್ಲ. ಮನುಷ್ಯನ ಮೈ ತಾಗಿದ್ರೆ ಕರೆಂಟು ಮೈಗೆ ಇಳೀತದೆ. ಮಷೀನಿಗೆ ಗೊತ್ತಾಗಿಬಿಡ್ತದೆ. ಕಣ್ಣು ಮಿಟುಕಿಸೋದ್ರೊಳಗೆ ಒಂದು ಅಲ್ಯುಮಿನಿಯಂ ಗಟ್ಟಿ, ಅದೇ ಬ್ರೇಕು, ಹೋಗಿ ಬ್ಲೇಡಿನ ಹಲ್ಲಿಗೆ ಕಚ್ಚಿಕೊಳ್ತದೆ, ಬ್ಲೇಡು ನಿಂತು ಕೆಳಗೆ ಇಳೀತದೆ. ಒಂದು ಕೋಳಿ ಕಾಲು ತರಿಸ್ರಿ, ತೋರಿಸಿಬಿಡ್ತೀನಿ.’

‘ಇಲ್ಲಿ ದೇವ್ರ ಫೋಟೋ ಅದ,’ ಎಂದ ಸಾವ್ಕಾರ. ‘ಮಾಂಸ ಒಳಗ ಬರಂಗಿಲ್ಲ.’ ಅವನ ಕಣ್ಣು ಗುಂಪಿನ ಮೇಲೆ ಆಡಿತು. ‘ಏ ಲಾಲಿ, ಬಾ ಇಲ್ಲಿ. ನಿನ್ ಬೆರಳು ಇಡು.’

ಕಂಪನಿಯವನ ಮುಖ ಬಿಳಿಚಿತು. ‘ಸಾರ್, ಬ್ಯಾಡ. ಹಂಗ ಮಾಡೋ ಹಾಗಿಲ್ಲ ನಾವು. ಸಣ್ಣ ಗಾಯ ಆದ್ರೂ ಆಗ್ತದೆ.’

‘ಯಾಕ, ನಿಮ್ಮ ಮಷೀನ್ ಮ್ಯಾಲ ನಿಮಗೇ ನಂಬಿಗಿ ಇಲ್ಲೇನು? ದಿನಾ ಮಾಂಸ ತಿಂದು ಬೆಳದ ಮೈ. ಕೋಳಿ ಕಾಲಿಗೂ ಇವ್ರ ಬೆರಳಿಗೂ ಏನ್ ಫರಕ್ ಅದ?’

ಒಂದಿಬ್ಬರು ನಕ್ಕರು. ಉಳಿದವರು ನೆಲ ನೋಡಿದರು. ಲಾಲಮ್ಮನಿಗೆ ಒಲ್ಲೆ ಎನ್ನಬೇಕೆನಿಸಿತು. ಗರಗಸ ಗುಂಯ್‌ಗುಡುತ್ತಿತ್ತು. ಕಣ್ಣು ಮುಚ್ಚಿ ತೋರುಬೆರಳಿನ ತುದಿ ಮುಂದೆ ಮಾಡಿದಳು.

ಢಬ್ ಎಂದಿತು, ಕಿವಿಯೊಳಗೇ ಯಾರೋ ಪಟಾಕಿ ಹಚ್ಚಿದ ಹಾಗೆ. ಕಣ್ಣು ತೆರೆದಾಗ ಬ್ಲೇಡೇ ಇರಲಿಲ್ಲ. ಮೇಜಿನ ಸೀಳು ಬರಿದಾಗಿತ್ತು. ಬೆರಳ ತುದಿಯಲ್ಲಿ ಒಡೆದ ಬಳೆ ಗೀರಿದಷ್ಟು ಕೆಂಪು. ಅಷ್ಟೇ. ಕಂಪನಿಯವನು ದಿಮ್ಮಿಯ ಮೇಲೆ ಕುಸಿದು ಕೂತು ಬೆವರು ಒರೆಸಿಕೊಂಡ. ಸಾವ್ಕಾರ ಚಪ್ಪಾಳೆ ತಟ್ಟಿದ.

‘ಈ ಬ್ರೇಕು ಇನ್ನ ಕೆಲಸಕ್ಕೆ ಬರೋದಿಲ್ಲ ಸಾರ್,’ ಎಂದ ಕಂಪನಿಯವನು, ‘ಬ್ಲೇಡೂ ಹೋಯ್ತು. ಪ್ರತಿ ಸಲ ಎರಡೂ ಹೊಸದು ಹಾಕಬೇಕು.’ ಸಾವ್ಕಾರನ ಚಪ್ಪಾಳೆ ನಿಂತಿತು. ‘ಹಂಗಾರ ಇದು ಇವ್ರ ಬೆರಳು ಉಳ್ಸಿ ನನ್ನ ಬೋಳಸ್ತದ,’ ಎಂದ.

ಆತ ಹೊರಡುವಾಗ ಲಾಲಮ್ಮ ಅವನ ಹತ್ತಿರ ಹೋಗಿ ಸಣ್ಣಗೆ ಕೇಳಿದ್ದಳು. ‘ಸಾವ್ಕಾರ್ರು ಕೈ ಇಟ್ರೂ ಹಿಂಗೇ ನಿಲ್ತದೇನ್ರಿ?’

‘ಯಾರ ಕೈ ಇಟ್ರೂ ಅಷ್ಟೇ ಅಮ್ಮ. ಅದಕ್ಕೆ ಎಲ್ಲಾರ ಚರ್ಮಾನೂ ಒಂದೇ.’

ಈ ಒಂದು ಮಾತಿಗೆ ಅವಳು ಆ ಮಷೀನಿಗೆ ಸೋತಿದ್ದಳು. ದಿನಾ ಬೆಳಿಗ್ಗೆ ಅದರ ಮೈ ಒರೆಸುವಾಗ ಎಮ್ಮೆಯ ಜೊತೆ ಮಾತಾಡಿದಂತೆ ಮಾತಾಡುತ್ತಿದ್ದಳು. ಅವಳ ಕೆಲಸ ಗರಗಸದ ಹಿಂದೆ ನಿಂತು, ಸೀಳಿ ಬಂದ ಹಲಗೆಯನ್ನು ಎಳೆದುಕೊಳ್ಳುವುದು. ಹಳೆಯದರ ಕಾಲದಲ್ಲಿ ಮೊಳದುದ್ದದ ಕೋಲೊಂದು ಕೈಯಲ್ಲಿರುತ್ತಿತ್ತು, ಬ್ಲೇಡಿನ ಹತ್ತಿರದ ತುಂಡನ್ನು ಅದರಿಂದಲೇ ದೂಡಬೇಕು. ಹೊಸದು ಬಂದ ವಾರವೇ ಆ ಕೋಲನ್ನು ಚಹದ ಒಲೆಗೆ ಹಾಕಿದಳು. ಬರಿಗೈ ಬಿಟ್ಟು ಎಳೆದರೆ ಹಲಗೆ ಬೇಗ ಬೀಳುತ್ತದೆ. ಬ್ಲೇಡಿನ ಪಕ್ಕ, ಬ್ಲೇಡಿನ ಮೇಲಿಂದ, ಬೇಕಾದ ಹಾಗೆ ಕೈ ಆಡಿತು. ಮಿಲ್ಲಿನ ಉಳಿದ ಇಬ್ಬರು ಹೆಂಗಸರೂ ಅವಳನ್ನು ನೋಡಿ ಕೋಲು ಬಿಟ್ಟರು.

ಕೋಲು ಬಿಡದವನು ಬಾಲರಾಜ ಒಬ್ಬನೇ. ಲಾಲಮ್ಮನ ಅಕ್ಕನ ಮಗ. ಅಕ್ಕ ಬಾಣಂತನದಲ್ಲೇ ಸತ್ತಾಗ, ಎರಡು ತಿಂಗಳ ಪರಿಮಳಾಳ ಜೊತೆ ಅವನಿಗೂ ಮೊಲೆ ಕೊಟ್ಟು ಬೆಳೆಸಿದ್ದಳು. ಮಿಲ್ಲಿಗೆ ಸೇರಿಸಿದವಳೂ ಅವಳೇ. ಈಗ ಅವನು ಗರಗಸದ ಆಪರೇಟರು, ಮುಂದೆ ನಿಂತು ಕಟ್ಟಿಗೆ ಕೊಡುವವನು. ಚಾಲೂ ಮಾಡುವಾಗಲೆಲ್ಲ ಒಂದು ಹಳದಿ ಚಾವಿ ತಿರುವುತ್ತಿದ್ದ, ಆಮೇಲೆ ಕೆಂಪು ದೀಪವೊಂದು ಮಿಣುಕುತ್ತಿತ್ತು.

‘ಅದ್ಯಾಕಲೇ ಹಂಗ ಕಣ್ಣ್ ಹೊಡೀತದ?’ ಎಂದು ಒಮ್ಮೆ ಕೇಳಿದ್ದಳು.

‘ಎಚ್ಚರ ಅದ ಅಂತ ತೋರ್ಸ್ತದ ಚಿಗವ್ವ.’

‘ಅದು ಎಚ್ಚರ ಇದ್ರ ನಿನಗ್ಯಾಕ ಕೋಲು? ಪುಕ್ಕಲ ಸೂಳೇಮಗನ.’

‘ರೂಢಿ ಬಿದ್ದದ ಚಿಗವ್ವ,’ ಎಂದು ನಗುತ್ತಿದ್ದ ಅವನು.

ಹನ್ನೆರಡು ದಿನದ ಹಿಂದೆ ಹಸಿ ಬೇವಿನ ದಿಮ್ಮಿ ಹಾಕಿದ್ದರು. ಯಾರದೋ ಹೊಸ ಮನೆಯ ದೇವರ ಕೋಣೆಗೆ ಚೌಕಟ್ಟು. ಹಲಗೆಯಲ್ಲೊಂದು ಗಂಟಿತ್ತು. ಹಲ್ಲು ಅದಕ್ಕೆ ಸಿಕ್ಕಿ ಹಲಗೆ ಚಂಗನೆ ಹಾರಿತು, ಅದರ ಜೊತೆ ಅವಳ ಕೈಯೂ ಹೋಯಿತು. ಕೈ ಹಿಂದೆ ಸೆಳೆದುಕೊಳ್ಳಬಹುದಿತ್ತು. ಹಳೆಯ ಗರಗಸವಾಗಿದ್ದರೆ ಸೆಳೆದುಕೊಂಡೇ ಬಿಡುತ್ತಿದ್ದಳು, ಇಪ್ಪತ್ತು ವರ್ಷದ ಕೈ ಅದು. ಆದರೆ ಅವಳು ಆ ಢಬ್ ಸದ್ದಿಗೆ ಕಾದಳು. ಅದು ಬರಲಿಲ್ಲ. ತಲೆಯೆತ್ತಿ ಬಾಲರಾಜನ ಮುಖ ನೋಡಿದಳು. ಅವನು ಅವಳ ಕೈ ನೋಡುತ್ತಿರಲಿಲ್ಲ, ಚಾವಿ ನೋಡುತ್ತಿದ್ದ.

ಸಾವ್ಕಾರ ಓಡಿಬಂದು ಮೊದಲು ಹೇಳಿದ್ದು, ‘ಆ ಹಲಿಗಿ ಸರಸ್ರಲೇ, ದೇವ್ರ ಮನಿ ಕಟ್ಟಿಗಿ ಅದ. ರಕ್ತ ಹತ್ತೀತು.’

ಒಲೆಯ ಮೇಲಿನ ರೊಟ್ಟಿ ಕರಿಕಾಗಿತ್ತು. ಪರಿಮಳಾ ಅದನ್ನು ತೆಗೆದಿಟ್ಟು, ತಾಯಿಯ ಪಕ್ಕ ಕೂತು ಫೋನು ತೆರೆದಳು.

‘ಇನ್ನೊಂದು ಅದ ಯವ್ವಾ. ಆ ಮಷೀನ್ಯಾಕ ನಿಲ್ಲಲಿಲ್ಲ ಅಂತ ಬಸ್ ಕಾಯ್ಕೋಂತ ಕುಂತು ಫೋನಿನಾಗ ಕಂಪನಿಯವ್ರು ಬರ್ದದ್ದು ಓದ್ದೆ. ಹಸಿ ಕಟ್ಟಿಗಿ ಒಳಗ ನೀರು ಇರ್ತದಲ್ಲ. ಮಷೀನು ಅದನ್ನೂ ಮನಷ್ಯಾನ ಮೈ ಅಂತ ತಿಳ್ಕೋತದ, ಬ್ರೇಕ್ ಬಡೀತದ. ಬ್ರೇಕು ಹೋತು, ಬ್ಲೇಡು ಹೋತು. ಕಟ್ಟಿಗಿ ಒಣಗ್ಸಿ ಕೊಯ್ರಿ ಅಂತ ಬರ್ದಾರ. ಒಣಗ್ಸಾಕ ಆಗ್ಲಿಲ್ಲ ಅಂದ್ರ ಒಂದು ಚಾವಿ ಅದ. ಅದನ್ನ ತಿರುವಿ ಚಾಲೂ ಮಾಡಿದ್ರ ಕಾವಲು ಬಂದ್. ಆಮ್ಯಾಲ ಅದು ಬರೇ ಗರಗಸ.’

‘ಯಾವ ಚಾವಿ?’

‘ಹಳದಿದು. ತಿರುವಿದ ಮ್ಯಾಲ ಕೆಂಪು ಲೈಟು ಮಿಣಕ್ ಮಿಣಕ್ ಅಂತದಂತ. ಹುಷಾರ್, ಕಾವಲು ಇಲ್ಲ ಅಂತ ಎಲ್ಲಾರಿಗೂ ಗೊತ್ತಾಗ್ಲಿ ಅಂತೇ ಅದನ್ನ ಇಟ್ಟಾರ.’

‘ಯಾವ ಚಾವಿ ಅಂದಿ?’

‘ಹಳದಿ ಚಾವಿ, ಯವ್ವಾ.’

ಲಾಲಮ್ಮ ಮೂರನೇ ಸಲ ಕೇಳಲಿಲ್ಲ. ಎಡಗೈಗೆ ಅಂಟಿದ ಹಿಟ್ಟನ್ನು, ನಾದುವ ಕೊಣಮಿಗೆಯ ಅಂಚಿಗೆ ಒಂದೊಂದೇ ಬೆರಳು ತಿಕ್ಕಿ ತೆಗೆಯುತ್ತ ಕೂತಳು.

ಸಂಜೆ ಐದರ ಸುಮಾರಿಗೆ ಬಾಲರಾಜ ಬಂದ. ಒಂದು ಕೈಯಲ್ಲಿ ಬಾಳೆಹಣ್ಣಿನ ಚೀಲ, ಇನ್ನೊಂದರಲ್ಲಿ ಅಂಗಡಿಯ ಕವರಿನಲ್ಲಿ ಹೊಸ ಸೀರೆ.

‘ಸಾವ್ಕಾರ ಕಳ್ಸ್ಯಾನ ಚಿಗವ್ವ. ನಾಳಿ ಇದನ್ನ ಉಟ್ಕೊಂಡು ಮಿಲ್ಲಿಗಿ ಬರ್ಬೇಕಂತ. ಯಾರೋ ಸಾಹೇಬ ಬರಾಕತ್ತಾನ.’

‘ಎಂದಿನಿಂದ ತಿರುವಾಕತ್ತಿದ್ದಿ?’

‘ಏನು?’

‘ಚಾವಿ.’

ಬಾಲರಾಜ ಪರಿಮಳಾಳನ್ನು ನೋಡಿದ, ಅವಳ ಕೈಯ ಫೋನು ನೋಡಿದ. ಚೀಲ ಕೆಳಗಿಟ್ಟು ಗೋಡೆಗೆ ಒರಗಿ ಕೂತ. ‘ಎರಡನೇ ವಾರದಿಂದ. ಹಸಿ ಬೇವು ಹಾಕಿದ್ವಿ, ಢಬ್ ಅಂತು. ನೀನು ಅವತ್ತು ಬಂದಿರ್ಲಿಲ್ಲ. ಹೊಸಾ ಬ್ರೇಕು ಹೋತಂತ ಸಾವ್ಕಾರ ನನ್ ಕಪಾಳಕ್ಕ ಹೊಡ್ದ. ಅವತ್ತಿಂದ ಚಾವಿ.’

‘ಒಂದು ಮಾತು ನನಗ ಹೇಳಿದ್ರ ಏನಾಗ್ತಿತ್ತು?’

‘ಹೆಂಗಸ್ರಿಗಿ ಹೇಳಬ್ಯಾಡ ಅಂದಿದ್ದ.’

‘ಯಾಕ?’

ಅವನು ಬಾಳೆಹಣ್ಣಿನ ಚೀಲವನ್ನು ಗೋಡೆಯ ಕಡೆ ಸರಿಸಿದ.

‘ಯಾಕಲೇ, ಭಾಡ್ಯಾ?’

‘ಗೊತ್ತಾದ್ರ ಮತ್ತ ಕೋಲು ಹಿಡೀತೀರಿ ಅಂತ. ಹೆದರಿಕಿ ಇಲ್ದಾಗ ಕೈ ಜಲ್ದಿ ಆಡ್ತಾವ, ಒಂದೂವರಿ ಪಟ್ಟು ಹಲಿಗಿ ಬೀಳಾಕತ್ತಾವ, ನಡೀಲಿ ಬಿಡು ಅಂದ. ಹೇಳಿದ್ರ ನಿನ್ ಜಾಗಾಕ್ಕ ಬ್ಯಾರೆಯವನ್ನ ತರ್ತೀನಿ ಅಂದ.’

‘ನಿನ್ ಕೈಯಾಗ ಕೋಲು ಇತ್ತು.’

‘ಚಿಗವ್ವ...’

‘ನಾ ನಿನ್ನ ಪುಕ್ಕಲ ಅಂತಿದ್ದೆ. ನೀ ನಗತಿದ್ದಿ. ಒಂದು ವರ್ಷ ನನ್ನೆದುರು ನಿಂತು, ನನ್ ಕೈ ಬ್ಲೇಡಿನ ಮ್ಯಾಲ ಹಾದುಹೋಗೋದು ದಿನಾ ನೋಡಿ, ನಗತಿದ್ದಿ. ಸಾವ್ಕಾರ ಬ್ಯಾರೆಯವ ಬಿಡು, ಅವನ ಕಡಿಂದ ನಾ ಏನೂ ಬಯಸಿಲ್ಲ. ನೀ ನನ್ ಮೊಲಿ ಕುಡ್ದಾವ.’

ಬಾಲರಾಜ ಅಳಲಿಲ್ಲ. ಅತ್ತಿದ್ದರೆ ಲಾಲಮ್ಮ ಕೈಗೆ ಸಿಕ್ಕಿದ್ದನ್ನು ಎತ್ತಿ ಹೊಡೆಯುತ್ತಿದ್ದಳೋ ಏನೋ. ಅವನು ತನ್ನ ಎರಡೂ ಕೈಗಳನ್ನು ತೊಡೆಯ ಕೆಳಗೆ ಸೇರಿಸಿ ಕೂತಿದ್ದ.

ಆಗ ಕೇರಿಯ ಬಾಯಿಯಲ್ಲಿ ಕಾರಿನ ಹಾರ್ನು ಕೇಳಿತು. ಮೂರು ಸಲ. ಸಾವ್ಕಾರ ಕೇರಿಯೊಳಗೆ ಬರುವವನಲ್ಲ, ಹಾರ್ನು ಹೊಡೆದರೆ ಹೋಗಬೇಕಾದವರು ಹೋಗುತ್ತಾರೆ. ಲಾಲಮ್ಮ ಸೆರಗು ಸರಿಮಾಡಿಕೊಂಡು ಎದ್ದಳು. ಪರಿಮಳಾ ಹಿಂದೆ ಬಂದಳು.

ಸಾವ್ಕಾರ ಕಾರಿನಿಂದ ಇಳಿಯಲಿಲ್ಲ. ಗಾಜು ಅರ್ಧ ಇಳಿಸಿದ. ಒಳಗಿನಿಂದ ಎಸಿಯ ತಂಪು ಅವಳ ಮುಖಕ್ಕೆ ಬಡಿಯಿತು.

‘ಹ್ಯಾಂಗದ ಕೈ? ಜರಾ ಹಿಂದಕ್ಕ ಸರಿದು ನಿಲ್ಲು, ಔಷಧದ ವಾಸನಿ. ನಿನ್ ಮಗಳು ಆಫೀಸಿಗಿ ಹೋಗಿದ್ಳಂತ?’

‘ಹೋಗಿದ್ಳ್ರಿ.’

‘ಓದಿದ ಹುಡುಗಿ, ಕಾಲು ನಿಲ್ಲಂಗಿಲ್ಲ. ಇರ್ಲಿ. ನಾಳಿ ಹನ್ನೊಂದಕ್ಕ ಯಾದಗಿರಿಯಿಂದ ಸಾಹೇಬ್ರು ಬರ್ತಾರ. ಮಷೀನ್ ಚಾಲೂ ಅದೋ ಇಲ್ಲೋ, ಫಲಾನುಭವಿ ಇದ್ದಾಳೋ ಸತ್ತಾಳೋ ನೋಡಿ ಫೋಟೋ ಹೊಡ್ಕೊಂಡು ಹೋಗ್ತಾರ. ನೀ ಆ ಸೀರಿ ಉಟ್ಕೊಂಡು ಮಷೀನ್ ಬಾಜೂ ನಿಲ್ಲು. ಬಲಗೈ ಸೆರಗಿನಾಗ ಇರ್ಲಿ. ಎಡಗೈ ಹೆಬ್ಬಟ್ಟೂ ನಡೀತದಂತ, ಕೇಳೀನಿ ನಾ.’

‘ನಾ ಮಾಲಕಳಂತಲ್ರಿ ಸಾವ್ಕಾರ.’

ಸಾವ್ಕಾರ ನಕ್ಕ. ಡ್ರೈವರನೂ ನಕ್ಕ. ‘ನೋಡಪಾ, ಮಾಲಕಳು ಬಂದಾಳ, ಸಲಾಮ್ ಹೊಡಿ.’ ಆಮೇಲೆ ನಗೆ ನಿಲ್ಲಿಸಿ ಕಿಟಕಿಗೆ ಬಾಗಿದ. ‘ಹೌದು, ನೀನೇ. ನಿನ್ ಹೆಸರು, ನಿನ್ ಜಾತಿ, ನಿನ್ ಹೆಬ್ಬಟ್ಟು. ಅದಕ್ಕೇ ಸರ್ಕಾರ ಕೊಟ್ಟದ. ನಾಳಿ ಬಾಯಿ ಬಿಟ್ರ ಏನಾಗ್ತದ ಗೊತ್ತದೇನು? ಸರ್ಕಾರಕ್ಕ ಮೋಸ ಮಾಡಿ ರೊಕ್ಕ ತಿಂದಾಕಿ ನೀನಾಗ್ತಿ. ಜೈಲಿಗಿ ನೀ ಹೋಗ್ತಿ. ನಿನ್ ಮಗಳ ಓದು ಅಲ್ಲಿಗಿ ಖತಂ. ನಾ ಯಾರು? ಪಾಪ, ಬಡವಿಗಿ ಮಷೀನ್ ಇಡಾಕ ಜಾಗಾ ಕೊಟ್ಟಾವ. ನಿನ್ ಮಷೀನಿನಾಗ ನೀ ಬೆರಳು ಕೊಟ್ರ ನಾ ಏನ್ ಮಾಡ್ಲಿ?’

ಪರಿಮಳಾ ಏನೋ ಹೇಳಲು ಮುಂದಾದಳು. ಲಾಲಮ್ಮ ಎಡಗೈಯಿಂದ ಅವಳ ಮೊಣಕೈ ಹಿಡಿದಳು.

‘ಕಾಗದ ಪಕ್ಕಾ ಅದೇನ್ರಿ?’ ಎಂದು ಕೇಳಿದಳು.

‘ಯಾವ ಕಾಗದ?’

‘ಮಷೀನು ನಂದು ಅನ್ನೋದು. ನಾಳಿ ಯಾರರ ಬಂದು ಅಲ್ಲ ಅಂದ್ರ?’

‘ಯಾವ ಹಾಟ್ಯಾ ಅಂತಾನ? ಸರ್ಕಾರಿ ಕಾಗದ ಅದ. ಯಾವ ಕೋರ್ಟಿಗಿ ಹೋದ್ರೂ ಮಷೀನು ನಿಂದೇ. ನಾ ಸುದ್ದಾ ಅಲ್ಲ ಅನ್ನಾಕ ಬರಂಗಿಲ್ಲ.’

‘ಹಂಗಾರ ಬರ್ತೀನ್ರಿ ನಾಳಿ. ಹನ್ನೊಂದಕ್ಕ.’

‘ಶಾಣ್ಯಾಕಿ,’ ಎಂದು ಸಾವ್ಕಾರ ಗಾಜು ಏರಿಸಿದ.

ಕಾರು ಶಹಾಪುರದ ರಸ್ತೆಗೆ ತಿರುಗುವವರೆಗೆ ಪರಿಮಳಾ ತಡೆದುಕೊಂಡಳು. ಆಮೇಲೆ ತಾಯಿಯ ಕೈ ಕೊಸರಿ ಬಿಡಿಸಿಕೊಂಡಳು. ‘ಹೋಗ್ತೀಯೇನು? ಆ ಸೀರಿ ಉಟ್ಟು ಅವನ ಬಾಜೂ ನಿಂದ್ರತೀಯೇನು? ನಾಚಿಕಿ ಆಗಂಗಿಲ್ಲ?’

‘ಆಫೀಸಿನ ಕಂಪ್ಯೂಟರಿಂದು ಫೋಟೋ ಹೊಡ್ಕೊಂಡೀಯೇನು?’

‘ಹೊಡ್ಕೊಂಡೀನಿ. ಯಾಕ?’

‘ಮುಂಜಾನಿ ಎದ್ದ ಕೂಡ್ಲೆ ಹೋಗಿ ಕಾಗದದ ಮ್ಯಾಲ ತೆಗಸು. ನಾಕು ತೆಗಸು. ಪ್ಲಾಸ್ಟಿಕ್ ಕವರ್ ಹಾಕ್ಸು.’

ಮನೆಗೆ ಬಂದಾಗ ಬಾಲರಾಜ ಇನ್ನೂ ಗೋಡೆಗೆ ಒರಗಿಯೇ ಇದ್ದ. ಲಾಲಮ್ಮ ಸೀರೆಯ ಕವರನ್ನು ಕಾಲಿನಿಂದ ಅವನ ಕಡೆ ಸರಿಸಿದಳು.

‘ಮಷೀನ್ ಕಾಲು ನೆಲಕ್ಕ ಬೋಲ್ಟ್ ಹಾಕಿ ಕೂಡ್ಸ್ಯಾರಲ್ಲ, ಅದಕ್ಕ ಯಾವ ಪಾನಾ ಹತ್ತತದ?’

‘ಇಪ್ಪತ್ನಾಕು ನಂಬರಿಂದು. ಯಾಕ ಚಿಗವ್ವ?’

‘ಎಲ್ಲದ ಅದು?’

‘ನನ್ ಪೆಟ್ಟಿಗಿ ಒಳಗ.’

‘ನಾಳಿ ಹನ್ನೊಂದಕ್ಕ ಅದು ನಿನ್ ಕೈಯಾಗ ಇರ್ಬೇಕು. ಇದ್ರ ಇರ್ಲಿ, ಇಲ್ಲಂದ್ರ ಬಿಡು. ಇರ್ಲಿಲ್ಲ ಅಂದ್ರ ಕಬ್ಬಿಣದ ಹಾರಿ ತಗೊಂಡು ನೆಲ ಒಡೀತೀವಿ.’

ಬಾಲರಾಜನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಎದ್ದು ಸೀರೆಯ ಕವರು ಎತ್ತಿಕೊಂಡು ಹೊರಗೆ ನಡೆದ. ಬಾಳೆಹಣ್ಣಿನ ಚೀಲ ಅಲ್ಲೇ ಉಳಿಯಿತು.

‘ಲಾಡ್ಲೇಸಾಬಗ ಫೋನ್ ಹಚ್ಚು,’ ಎಂದಳು ಮಗಳಿಗೆ.

ಲಾಡ್ಲೇಸಾಬ ವನದುರ್ಗದವನು. ಸುತ್ತಲ ಹಳ್ಳಿಗಳಿಂದ ದಿಮ್ಮಿ ಹೇರಿ ತಂದು ಮಿಲ್ಲುಗಳಿಗೆ ಹಾಕುವ ಟ್ರ್ಯಾಕ್ಟರಿನವನು. ಪರಿಮಳಾ ಸ್ಪೀಕರು ಹಾಕಿ ಫೋನನ್ನು ತಾಯಿಯ ಮುಂದೆ ಹಿಡಿದಳು. ಆ ಕಡೆ ಎಂಜಿನ್ನಿನ ಸದ್ದು.

‘ನಾಳಿ ನಿನ್ ಗಾಡಿ ಬೇಕು ಲಾಡ್ಲೇಸಾಬ. ಟ್ರಾಲಿ, ಸರಪಳಿ, ಎರಡು ಉದ್ದನೂ ಹಲಿಗಿ.’

‘ಏನ್ ಮಾಲು?’

‘ಒಂದು ಮಷೀನು.’

‘ಯಾರ್ದು?’

‘ನಂದು.’

‘ನಿಂದಾ? ಎಲ್ಲಿಂದ ಎತ್ತಬೇಕು?’

‘ಸಿದ್ರಾಮರೆಡ್ಡಿ ಸಾವ್ಕಾರ ಮಿಲ್ಲಿಂದ.’

ಆ ಕಡೆ ಎಂಜಿನ್ನು ನಿಂತಿತು.

‘ಸಾವ್ಕಾರ ನಾಳಿ ಊರಾಗ ಇರಂಗಿಲ್ಲೇನು?’

‘ಇರ್ತಾನ. ಯಾದಗಿರಿ ಸಾಹೇಬನೂ ಇರ್ತಾನ. ಇಬ್ರೂ ಇರ್ಬೇಕು. ಅವ್ರ ಮುಂದೇ ಎತ್ತಬೇಕು.’

‘ಲಾಲಮ್ಮ, ನೀ ಬರೋಬರಿ ಇದ್ದೀಯಿಲ್ಲ? ಜ್ವರ ಗಿರ ಬಂದದೇನು?’

‘ಬೆರಳೊಂದಿಲ್ಲ. ಉಳದದ್ದೆಲ್ಲ ಬರೋಬರಿ ಅದ. ಕಾಗದ ಅದ ನನ್ ಕಡಿ, ಸರ್ಕಾರಿ ಕಾಗದ. ಸಾಹೇಬ ಮಾಲಕಳು ಯಾರು ಅಂತ ಕೇಳ್ತಾನ, ನಾ ಅಂತೀನಿ. ಸಾವ್ಕಾರ ಅಲ್ಲ ಅಂದ್ರ ಸಬ್ಸಿಡಿ ಮೋಸ ಅವನ ಕುತ್ತಿಗಿಗಿ ಬರ್ತದ. ಹೌದು ಅಂದ್ರ ನಾ ಒಯ್ತೀನಿ. ಅಷ್ಟೇ.’

‘ಹೊಡ್ಸಿದ್ರ?’

‘ಸಾಹೇಬನ ಮುಂದ ಹೊಡ್ಸಲಿ. ನನ್ ಮಗಳು ಫೋನ್ ಹಿಡ್ಕೊಂಡು ನಿಂದ್ರತಾಳ.’

ಪರಿಮಳಾ ತಾಯಿಯ ಮುಖವನ್ನೇ ನೋಡುತ್ತಿದ್ದಳು.

‘ಭಾರ ಇರ್ತದಲ್ಲ ಅದು,’ ಎಂದ ಲಾಡ್ಲೇಸಾಬ ಕೊನೆಗೆ. ‘ಎತ್ತಾಕ ಎಂಟ್ಹತ್ತು ಮಂದಿ ಬೇಕು.’

‘ಕೇರಿ ಮಂದಿಗಿ ಈಗ ಹೇಳಾಕ ಹೊಂಟೀನಿ.’

‘ನಾಳಿಂದ ನನಗ ಅವನ ಮಿಲ್ಲಿನ ಬಾಡಿಗಿ ಬಂದ್.’

‘ಹೌದು. ಬಂದ್ ಆಗ್ತದ. ಸುಳ್ಳ್ ಹೇಳಂಗಿಲ್ಲ ನಿನಗ.’

ಆ ಕಡೆ ಬೀಡಿಗೆ ಕಡ್ಡಿ ಗೀರಿದ ಸದ್ದು ಕೇಳಿತು.

‘ಎಷ್ಟೊತ್ತಿಗಿ ಅಂದಿ?’

‘ಹನ್ನೊಂದಕ್ಕ. ಮಿಲ್ಲಿನ ಗೇಟ್ ಮುಂದ.’

‘ಹತ್ತೂ ಮುಕ್ಕಾಲಿಗೇ ಬಂದು ನಿಂದ್ರತೀನಿ ತಗೋ,’ ಎಂದ ಲಾಡ್ಲೇಸಾಬ.